ಅಕ್ಕನ ‘ಆಲ್ಸೋ’, ನನ್ನ ಮಾದಲಿ

ಮೂರನೇ ರೊಟ್ಟಿ ಹಂಚಿನ ಮೇಲಿತ್ತು. ನೀರು ಸವರಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಫೋನು ಬಂತು. ಶ್ರಾವಣ ಸೋಮವಾರ, ನನಗೆ ಉಪವಾಸ. ರೊಟ್ಟಿ ನಮ್ಮ ಮನೆಯವರ ಬುತ್ತಿಗೆ. ಅವರು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾ ನೋಡಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ರಾಯಚೂರಿನಿಂದ ಬಸ್ಸಿಗೆ ಹೋಗಿ ಸಂಜೆ ಬರುತ್ತಾರೆ. ಫೋನು ಮಾಡಿದವಳು ದೇವದುರ್ಗಕ್ಕೆ ಕೊಟ್ಟಿರುವ ನನ್ನ ನಾದಿನಿ.

“ವೈನಿ, ಎಲ್ಲಾ ಕೆಟ್ಟು ಹೋಗ್ಯಾದ್ರಿ.”

“ಏನ್ ಕೆಟ್ಟಾದಬೇ?”

“ಮಾದಲಿ. ಚೀಲ ಬಿಚ್ಚಿದ್ವಿ, ಗಪ್ಪಂತ ಹುಳಿ ವಾಸನಿ ಹೊಡೀತು. ಗಂಟು ಗಂಟು ಆಗಿ ಕುಂತಾದ. ಬೆವರಾಕತ್ತಾದ ವೈನಿ, ಮಾದಲಿ ಬೆವರಾಕತ್ತಾದ! ದೊಡ್ಡ ವೈನಿ ಒಲಿ ಮುಂದ ಕುಂತು ಅಳಾಕತ್ತಾರ. ಮಧ್ಯಾಹ್ನಕ್ಕ ಪಂಕ್ತಿ ಕುಂದರ್ತಾವ. ಏನ್ ಮಾಡೋದ್ರಿ?”

ಸುಳ್ಳು ಹೇಳುವುದಿಲ್ಲ. ನನಗೆ ಮೊದಲು ಆದದ್ದು ಸಂತೋಷ. ಎದೆಯೊಳಗೆ ಯಾರೋ ತಣ್ಣೀರು ಸುರಿದ ಹಾಗಾಯಿತು. ದೊಡ್ಡ ವೈನಿ, ಅಂದರೆ ನಮ್ಮ ಅಕ್ಕ, ಅಳುತ್ತಿದ್ದಾಳೆ ಎಂಬ ಮಾತನ್ನು ಇನ್ನೊಮ್ಮೆ ಕೇಳಬೇಕೆನಿಸಿ, “ಯಾರು ಅಳಾಕತ್ತಾರ?” ಎಂದು ಕೇಳಿದೆ. ನಾದಿನಿ ಮತ್ತೆ ಹೇಳಿದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದೆ. ಚೆಂಡಿನಂತೆ ಉಬ್ಬಿತು. ದೇವರ ಜಗುಲಿಯ ಕಡೆ ತಿರುಗಿ, ಶಿವನೇ, ಕೇಳಿದ್ದನ್ನು ನಿನ್ನ ದಿನವೇ ಕೊಟ್ಟೆಯಲ್ಲ ಎಂದು ಕೈಮುಗಿದೆ. ಉಪವಾಸದ ದಿನ ಇಂಥ ಮನಸ್ಸಿಟ್ಟುಕೊಂಡು ಕೈಮುಗಿಯಬಾರದು ಎಂಬುದು ನನಗೂ ಗೊತ್ತು.

ಇದು ಒಂದು ದಿನಕ್ಕೆ ಹುಟ್ಟಿದ ಸಿಟ್ಟಲ್ಲ.

ನನ್ನ ಗಂಡನ ಅಣ್ಣನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ರಾಯಚೂರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಮ್ಮ ಎರಡೂ ಮನೆಗಳ ನಡುವೆ ಒಂದೇ ಓಣಿ. ಹದಿನೆಂಟು ವರ್ಷದ ಹಿಂದೆ ನಾನು ಮದುವೆಯಾಗಿ ಬಂದ ವಾರದಲ್ಲೇ ಅವಳ ಶಾಲೆಯ ಟೀಚರುಗಳು ಮನೆಗೆ ಬಂದಿದ್ದರು. ಚಹಾ ತಂದುಕೊಟ್ಟ ನನ್ನನ್ನು ತೋರಿಸಿ ಅಕ್ಕ ಇಂಗ್ಲಿಷಿನಲ್ಲಿ ಏನೋ ಅಂದಳು. ಅದರಲ್ಲಿ ನನಗೆ ಕೇಳಿಸಿದ್ದು ಒಂದೇ ಪದ, ಆಲ್ಸೋ. ಅವರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಆ ಪದ ಎಲ್ಲಿ ಹೋದರೂ ನನ್ನ ಹಿಂದೆಯೇ ಬಂತು. ಸೀಮಂತಕ್ಕೆ ಹೋದರೆ, “ಈಕಿಗೂ ಆಲ್ಸೋ ಉಡಿ ತುಂಬ್ರಿ.” ಫೋಟೋ ತೆಗೆಯುವಾಗ, “ಈಕೀನೂ ಆಲ್ಸೋ ನಿಂದರಲಿ, ಆ ತುದೀಗೆ.” ಅತ್ತೆ ತೀರಿಕೊಂಡಾಗ ಮಾತಾಡಿಸಲು ಬಂದವರಿಗೆ, “ಮಾಡಿದ್ದೆಲ್ಲಾ ನಾನs. ಈಕಿನೂ ಆಲ್ಸೋ ಇದ್ಳು.” ಅತ್ತೆಯ ಹಾಸಿಗೆ ತೊಳೆದವಳು ನಾನು. ಅದು ಶಿವನಿಗೆ ಗೊತ್ತು, ತೊಳೆದ ಕಲ್ಲಿಗೂ ಗೊತ್ತು.

ಮಗಳು ಪಿಯುಸಿಗೆ ಬಂದ ಮೇಲೆ ಒಂದು ದಿನ ಸೊಪ್ಪು ಸೋಸುತ್ತ ಕೇಳಿದೆ.

“ಆಲ್ಸೋ ಅಂದ್ರೇನಬೇ?”

“ಸಹ. ಕೂಡ. ನಾವು ‘ನೀನೂ ಬಾ’ ಅಂತೀವಲ್ಲವ್ವ, ಅದರಾಗಿನ ಊ ಅದ ನೋಡು, ಅದs ಆಲ್ಸೋ.”

“ಇಷ್ಟನ?”

“ಇಷ್ಟ. ಆದ್ರ ಇಂಗ್ಲಿಷಿನ್ಯಾಗ ಬ್ಯಾರೆ ಕುಂದರ್ತದ. ನಮ್ಮದು ಮಂದಿ ಹೆಸರಿಗೆ ಅಂಟಿಕೊಂಡಿರ್ತದ, ಅವರದು ಮಾತಿನ ನಡುವ ನಿಂದರ್ತದ. ಟೂ ಅಂತ ಇನ್ನೊಂದು ಅದ, ಅದು ಹೆಚ್ಚಾಗಿ ಕೊನೀಗೆ ಬರ್ತದ. ಆ್ಯಸ್ ವೆಲ್ ಅಂತ ಮತ್ತೊಂದು. ಇಲ್ಲ ಅನ್ನೋ ಮಾತಿಗೆ ಆಲ್ಸೋ ಹಚ್ಚಂಗಿಲ್ಲ, ಅಲ್ಲಿ ಐದರ್ ಅನಬೇಕು.”

“ಒಂದು ಊ-ಕ್ಕ ಇಷ್ಟ ಮಂದಿ ಬೇಕೇನು ಅವರಿಗೆ?”

ಮಗಳು ನಕ್ಕಳು. “ದೊಡ್ಡವ್ವ ‘ಈಕಿಗೂ ಆಲ್ಸೋ’ ಅಂತಾಳಲ್ಲ, ಅದು ಎರಡೆರಡು ಸಲ ಆತು. ಒಂದs ಸಾಕು.”

“ನನಗ ಆಕಿ ಎರಡು ಕೊಡ್ತಾಳ ನೋಡು, ಧಾರಾಳ ಹೆಣಮಗಳು,” ಎಂದೆ.

ಆ ಸಂಜೆ ದೀಪ ಹಚ್ಚುವಾಗ ಅದನ್ನೇ ಯೋಚಿಸಿದೆ. ಪದದ್ದೇನೂ ತಪ್ಪಿಲ್ಲ. ನಾನು ದಿನಾ ದೇವರ ಮುಂದೆ ನಮ್ಮನ್ನೂ ಕಾಪಾಡು ಅನ್ನುತ್ತೇನೆ, ಅಕ್ಕನ ಮಕ್ಕಳನ್ನೂ ಅನ್ನುತ್ತೇನೆ. ನನ್ನ ತವರು ಚೀಕಲಪರ್ವಿಯಲ್ಲಿ ಹೊಳೆಗೆ ಹೊರಟ ಹೆಂಗಸರು ಬಾಗಿಲಲ್ಲಿ ನಿಂತು “ನೀನೂ ಬಾರಬೇ” ಎಂದು ಕರೆದರೆ ಕಾಲಿಗೆ ತಾನೇ ಓಟ ಬರುತ್ತಿತ್ತು. ಆದರೆ ಆ ಮಾತಿಗೆ ಮೊದಲು ಒಬ್ಬರು ಬೇಕು. ಮೊದಲನೆಯವರನ್ನು ಯಾರೂ ಆಲ್ಸೋ ಎಂದು ಕರೆಯುವುದಿಲ್ಲ. ಎಷ್ಟೇ ದುಡಿದರೂ ನೀನು ಎರಡನೆಯವಳು, ನೀನಿಲ್ಲದಿದ್ದರೂ ಮಾತು ಪೂರ್ತಿಯಾಗುತ್ತದೆ: ಅಕ್ಕ ಹದಿನೆಂಟು ವರ್ಷ ನನಗೆ ಹೇಳಿದ್ದು ಇಷ್ಟೇ. ಅರ್ಥ ತಿಳಿಯುವ ಮೊದಲು ನೋವು ಸ್ವಲ್ಪವಿತ್ತು, ತಿಳಿದ ಮೇಲೆ ಹೆಚ್ಚಾಯಿತು.

ಈಗ ಮಾದಲಿಯ ವಿಷಯ. ದೇವದುರ್ಗದ ಮಠದಲ್ಲಿ ಶ್ರಾವಣದ ಒಂದು ಸೋಮವಾರದ ದಾಸೋಹಕ್ಕೆ ಮಾದಲಿ ನಮ್ಮ ಮನೆತನದ್ದು. ಮೊದಲು ಅತ್ತೆ ಮಾಡುತ್ತಿದ್ದರು, ಆಮೇಲೆ ನಾನು. ಗೋಧಿ, ಕಡಲೆಬೇಳೆ, ಒಂದು ಹಿಡಿ ಅಕ್ಕಿ ಹುರಿದು ರವೆಯ ಹಾಗೆ ಬೀಸಿ, ಗಟ್ಟಿ ಹಿಟ್ಟು ನಾದಿ, ದಪ್ಪ ದಪ್ಪ ರೊಟ್ಟಿ ಬೇಯಿಸಿ, ಮುರಿದು, ಪುಡಿ ಮಾಡಿ, ಬೆಲ್ಲ, ಕೊಬ್ಬರಿ, ಗಸಗಸೆ, ಪುಟಾಣಿ ಎನ್ನುವ ಹುರಿಗಡಲೆ, ಒಣಶುಂಠಿ, ಏಲಕ್ಕಿ ಬೆರೆಸಿದರೆ ಮಾದಲಿ. ಮೇಲೆ ಹಾಲು ತುಪ್ಪ ಸುರಿದುಕೊಂಡು ತಿನ್ನುವುದು. ಇದರಲ್ಲಿ ಕೈಚಳಕವೇನೂ ಇಲ್ಲ, ಒಂದೇ ಒಂದು ತಾಳ್ಮೆಯ ಕೆಲಸವಿದೆ. ಮುರಿದ ರೊಟ್ಟಿಯನ್ನು ಬಿಳಿ ಬಟ್ಟೆಯ ಮೇಲೆ ಹರವಿ ಒಂದು ರಾತ್ರಿ ಪೂರ್ತಿ ಆರಲು ಬಿಡಬೇಕು. ಒಳಗಿನ ಹಬೆ ಹೋಗಬೇಕು. ಬಿಸಿ ಇರುವಾಗಲೇ ಪುಡಿ ಮಾಡಿ ಬೆಲ್ಲ ಹಾಕಿದರೆ ಬೆಲ್ಲ ನೀರು ಬಿಡುತ್ತದೆ, ಮರುದಿನಕ್ಕೆ ಹುಳಿ ಹಿಡಿಯುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ಅವ್ವ.

ಹೋದ ವರ್ಷ ಮಠದಲ್ಲಿ ಮಾದಲಿ ಮಾಡಿದವರಿಗೆ ಸನ್ಮಾನ ಇಟ್ಟುಕೊಂಡರು. ಮೈಕಿನಲ್ಲಿ ನಮ್ಮ ಮನೆತನದ ಹೆಸರು ಕರೆದಾಗ ನಾನು ಅಡುಗೆಮನೆಯಲ್ಲಿ ತುಪ್ಪ ಕಾಸುತ್ತಿದ್ದೆ. ಸೌಟು ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಬರುವಷ್ಟರಲ್ಲಿ ಅಕ್ಕ ವೇದಿಕೆಯ ಮೇಲಿದ್ದಳು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದರು. ಅಕ್ಕ ನಮ್ಮ ಅತ್ತೆಯನ್ನು ನೆನೆದಳು, ಸಂಪ್ರದಾಯ ಉಳಿಸಿಕೊಂಡು ಬಂದದ್ದನ್ನು ಹೇಳಿದಳು, ಕೊನೆಗೆ ನನ್ನ ಕಡೆ ಬೆರಳು ಮಾಡಿ, “ನಮ್ಮ ನೆಗೆಣ್ಣಿ ಆಲ್ಸೋ ಹೆಲ್ಪ್ ಮಾಡ್ತಾಳ,” ಎಂದಳು. ಜನ ಚಪ್ಪಾಳೆ ತಟ್ಟಿದರು. ಹಣ್ಣಿನಲ್ಲಿ ನಾಲ್ಕು ಮೋಸಂಬಿ ನನ್ನ ಮನೆಗೆ ಬಂದವು. ಅವು ಸಿಹಿಯಾಗಿದ್ದವು, ಅದನ್ನೂ ಹೇಳಬೇಕು.

ಅದನ್ನೂ ನುಂಗಿಕೊಂಡಿದ್ದೆ. ನುಂಗಲಾಗದ್ದು ವಿಡಿಯೋ.

ಈ ಬೇಸಿಗೆಯಲ್ಲಿ ಅಕ್ಕ ಮೊಬೈಲು ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. ಅಡುಗೆಯ ವಿಡಿಯೋ ಹಾಕಲು ಶುರುಮಾಡಿದ್ದಳು. “ಮಾದಲಿ ಮಾಡಬೇ, ನಾ ಮಾತಾಡ್ತೀನಿ. ನಿನ್ನ ಕೈ ಅಷ್ಟ ಬರಲಿ. ಮಾರಿ ಬ್ಯಾಡ, ಸೀರಿ ಮಾಸ್ಯಾದ,” ಎಂದಳು. ಮಾಡಿದೆ. ರೊಟ್ಟಿ ಮುರಿದು ಬಟ್ಟೆಯ ಮೇಲೆ ಹರವಿ, “ಅಕ್ಕಾ, ಇದು ಇಡೀ ರಾತ್ರಿ ಆರಬೇಕ್ರಿ. ಇದನ್ನ ಹೇಳ್ರಿ, ಇದs ಮುಖ್ಯ,” ಎಂದೆ.

“ಸುಮ್ನ ಹರವಿದ್ದು ಯಾರ್ ನೋಡ್ತಾರಬೇ? ಬೋರ್ ಆಗ್ತದ. ಅದನ್ನ ಕಟ್ ಮಾಡ್ತೀನಿ.”

ವಿಡಿಯೋ ಬಂದ ಮೇಲೆ ಮಗಳು ತೋರಿಸಿದಳು. ನನ್ನ ಕೈ, ಅಕ್ಕನ ದನಿ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಂಚು ತಾಗಿದ ಕಪ್ಪು ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ ಯಾರೋ ಹೆಂಗಸು ಬರೆದಿದ್ದರು: ಮೇಡಂ, ನಿಮ್ಮ ಕೈ ನೋಡಿದರೆ ನಮ್ಮ ಅಜ್ಜಿ ನೆನಪಾದರು. ಅದಕ್ಕೆ ಅಕ್ಕ ಕೈಮುಗಿಯುವ ಚಿತ್ರ ಹಾಕಿ ಥ್ಯಾಂಕ್ಯೂ ಅಂದಿದ್ದಳು. ನನ್ನ ಕೈಗೆ ಬಂದ ನಮಸ್ಕಾರವನ್ನು ಅವಳು ಇಸಿದುಕೊಂಡಿದ್ದಳು. ಕೊನೆಯಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು. ಮಗಳು ಓದಿದಳು: ಆಲ್ಸೋ ಥ್ಯಾಂಕ್ಸ್ ಟು ಮೈ ಫ್ಯಾಮಿಲಿ.

ಆವತ್ತು ನಾನು ಶಿವನ ಮುಂದೆ ಕುಳಿತು ಬೇಡಿಕೊಂಡದ್ದನ್ನು ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಇವಳಿಗೆ ಜನರ ಮುಂದೆ ಒಮ್ಮೆಯಾದರೂ ತಲೆ ತಗ್ಗಿಸುವ ಹಾಗೆ ಮಾಡು ಎಂದೆ.

ಶ್ರಾವಣ ಬಂತು. ಅಕ್ಕನಿಗೆ ಹೇಳಿದೆ: “ಈ ವರ್ಷ ಮಠದ ಮಾದಲಿ ನೀವs ಮಾಡ್ರಿ ಅಕ್ಕಾ. ನನಗ ಸೊಂಟ ನೋವು.” ಸೊಂಟ ನೆಟ್ಟಗಿತ್ತು.

“ಅದಕ್ಕೇನಬೇ, ಮಾಡ್ತೀನಿ. ವಿಡಿಯೋ ಅದಲ್ಲ,” ಎಂದಳು. ಅವಳ ಹಿಗ್ಗು ನೋಡಬೇಕಿತ್ತು. ಶನಿವಾರವೇ ದೇವದುರ್ಗಕ್ಕೆ ಹೋದಳು. ಮಠದ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರನ್ನು ಹಚ್ಚಿ ಭಾನುವಾರ ಮುಂಜಾನೆ ರೊಟ್ಟಿ ಬೇಯಿಸಿದಳು. ಹನ್ನೊಂದು ಗಂಟೆಗೆ ನನಗೆ ಫೋನು.

“ರೊಟ್ಟಿ ಬಿಸಿ ಅದಾವ. ಹಂಗs ಗಿರಣಿಗೆ ಒಯ್ದು ಪುಡಿ ಮಾಡಿಸಿದ್ರ ನಡೀತದಲ್ಲ? ಇಲ್ಲಿ ಗಿರಣಿ ಅಂವ ಮಧ್ಯಾಹ್ನ ಬಾಗಲಾ ಹಾಕ್ತಾನಂತ.”

ನಾನು ಕಿಟಕಿಯಾಚೆ ನೋಡುತ್ತ ನಿಂತೆ. ಎದುರು ಮನೆಯ ಮಾಳಿಗೆಯ ಮೇಲೆ ಯಾರೋ ಹಪ್ಪಳ ಒಣಗಿಸಿದ್ದರು, ಮೋಡ ನೋಡಿ ತೆಗೆಯುತ್ತಿದ್ದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

“ವಿಡಿಯೋದಾಗ ಹೆಂಗದನೋ ಹಂಗ ಮಾಡ್ರಿ ಅಕ್ಕಾ,” ಎಂದೆ.

“ವಿಡಿಯೋದಾಗ ಮುರಿದ ಕೂಡಲೇ ಪುಡಿ ಮಾಡೋದs ಅದ.”

“ಮತ್ತ? ನೀವs ಮಾಡಿದ ವಿಡಿಯೋ.”

“ಹೌದಲ್ಲ! ಥ್ಯಾಂಕ್ಸ್ ಬೇ.”

ಇದು ನಾನು ಮಾಡಿದ್ದು. ಆದರೆ ನನ್ನ ಜಗಳ ಅಕ್ಕನ ಮೇಲೆ, ಶಿವನ ಮೇಲಲ್ಲ. ಅವನ ಎಡೆಗೆ ಮಾದಲಿ ಇಲ್ಲದ ಹಾಗೆ ಮಾಡಲು ನನಗೆ ಕೈ ಬರಲಿಲ್ಲ. ಹಾಗಾಗಿ, ವಿಡಿಯೋ ನೋಡಿ ಮಾಡಿದ್ದು ಕೆಡುತ್ತದೆಂದು ಮೊದಲೇ ತಿಳಿದವಳು, ಗುರುವಾರದಿಂದಲೇ ನಮ್ಮ ಅಡುಗೆಮನೆಯಲ್ಲಿ ದಿನಕ್ಕಿಷ್ಟು ರೊಟ್ಟಿ ಬೇಯಿಸಿ, ಹರವಿ, ಆರಿಸಿ, ಕುಟ್ಟಿ, ಅಕ್ಕಿ ತುಂಬುವ ಎರಡು ದೊಡ್ಡ ಡಬ್ಬಿಗಳ ತುಂಬ ಮಾದಲಿ ಮಾಡಿಟ್ಟಿದ್ದೆ. ಮನೆಯವರು ಕೇಳಿದಾಗ ತವರಿಗೆ ಕಳಿಸಲು ಎಂದಿದ್ದೆ.

“ಎರಡು ಡಬ್ಬಿ? ಚೀಕಲಪರ್ವಿ ಊರಿಗೆಲ್ಲಾ ಹಂಚ್ತಾರೇನು?”

“ಹೊಳಿ ನೀರು ಕುಡಿಯೋ ಮಂದಿರೀ, ಹಸಿವು ಹೆಚ್ಚು.”

ಶ್ರಾವಣದಲ್ಲಿ ಗಂಡನಿಗೆ ಸುಳ್ಳು ಹೇಳಿದ್ದೂ ಆಯಿತು.

ಈಗ ನಾದಿನಿಯ ಫೋನು ಬಂದ ಮೇಲೆ ಉಳಿದ ಹಿಟ್ಟನ್ನು ಮಗಳಿಗೆ ಒಪ್ಪಿಸಿ, ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟೆ. ನಮ್ಮ ಮನೆಯವರು ಡಬ್ಬಿಗಳನ್ನು ಆಟೋಕ್ಕೆ ಎತ್ತಿಕೊಟ್ಟರು. ಎತ್ತುವಾಗ ನನ್ನ ಮುಖ ನೋಡಿದರು. ಚೀಕಲಪರ್ವಿಯ ಮಾತು ತೆಗೆಯಲಿಲ್ಲ. ಕೇಳದೇ ಇರುವ ಗಂಡ ಸಿಕ್ಕದ್ದು ನನ್ನ ಪಾಲಿಗೆ ಸಣ್ಣ ಪುಣ್ಯವಲ್ಲ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಕಂಡಕ್ಟರು ಡಬ್ಬಿ ನೋಡಿ, “ನಿಮಗ ಫ್ರೀ ಅದ ಯವ್ವಾ, ಡಬ್ಬಿಗಿಲ್ಲ,” ಎಂದ.

“ಇದೂ ಹೆಣಮಗಳೇ ಮಾಡಿದ್ದಪ್ಪ.”

“ಹಂಗಂದ್ರ ಬಸ್ಸಿನ್ಯಾಗಿನ ಗಂಡಸರ್ನೂ ಹೆಣಮಕ್ಕಳೇ ಹಡದಾರ, ಎಲ್ಲರಿಗೂ ಫ್ರೀ ಬಿಡ್ಲೇನು?” ಎಂದು ನಗಿಸಿ, ಮಠದ ಪ್ರಸಾದ ಎಂದು ತಿಳಿದ ಮೇಲೆ ಡಬ್ಬಿಗಳನ್ನು ತಾನೇ ಡ್ರೈವರನ ಹಿಂದೆ ಸರಿಸಿಟ್ಟ. ಕಲ್ಮಲ ದಾಟುವವರೆಗೂ ಶಿವನಾಮ ಹೇಳಿಕೊಂಡೆ. ದಾಟಿದ ಮೇಲೆ ಅಕ್ಕನಿಗೆ ಏನೇನು ಹೇಳಬೇಕು ಎಂದು ಜೋಡಿಸಿಕೊಂಡೆ. ಜೋಡಿಸಿದಷ್ಟೂ ರುಚಿ ಹತ್ತಿತು.

ಮಠದ ಅಡುಗೆಮನೆಯಲ್ಲಿ ಚೀಲಗಳು ಬಾಯಿ ತೆರೆದು ಸಾಲಾಗಿ ಕುಳಿತಿದ್ದವು. ಒಳಗೆ ಪ್ಲಾಸ್ಟಿಕ್ಕಿನ ಹಾಳೆ ಹಾಕಿ ಬಿಗಿಯಾಗಿ ಕಟ್ಟಿದ್ದರಂತೆ. ವಾಸನೆ ಬಾಗಿಲಿಗೇ ಬರುತ್ತಿತ್ತು. ಅಕ್ಕ ಒಲೆಯ ಕಟ್ಟೆಗೆ ಒರಗಿದ್ದಳು, ಕಣ್ಣು ಊದಿದ್ದವು. ನನ್ನನ್ನು ನೋಡಿದಳು, ಡಬ್ಬಿಗಳನ್ನು ನೋಡಿದಳು. ಮುಚ್ಚಳ ತೆಗೆದೆ. ಏಲಕ್ಕಿ ಶುಂಠಿಯ ಘಮ ಎದ್ದಿತು. ಒಂದು ಹಿಡಿ ತೆಗೆದು ಮೇಲಿನಿಂದ ಬಿಟ್ಟೆ. ಮರಳಿನ ಹಾಗೆ ಉದುರಿತು.

ಅಕ್ಕ ಓದಿದವಳು, ತಿಳಿಯಲು ಹೊತ್ತು ಹಿಡಿಯಲಿಲ್ಲ.

“ಇದನ್ನ ಇವತ್ತು ಮುಂಜಾನಿ ಮಾಡಿದ್ದಲ್ಲ,” ಎಂದಳು.

“ಅಲ್ಲ.”

“ಅಂದ್ರ ನಿನಗ ಗೊತ್ತಿತ್ತು. ನಿನ್ನೆ ಫೋನ್ ಮಾಡಿದಾಗ ಗೊತ್ತಿತ್ತು.”

“ಗೊತ್ತಿತ್ತು.”

“ಒಂದು ಮಾತು ಹೇಳಾಕ ಏನಾಗಿತ್ತಬೇ ನಿನಗ?”

“ಹೇಳಿದ್ದೆ. ನೀವು ಕಟ್ ಮಾಡಿದ್ರಿ.”

ನಾದಿನಿ ತುಪ್ಪದ ತಪೇಲಿ ಹಿಡಿದು ನಿಂತಿದ್ದಳು, ಅಲ್ಲೇ ನೆಲ ನೋಡಿದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಇದು ಇರಲಿಲ್ಲ, ತಾನಾಗಿ ಬಂತು. ಅದಕ್ಕಿಂತ ಚಲೋ ಮಾತು ನನ್ನ ಬಾಯಿಂದ ಇನ್ನು ಬರಲಿಕ್ಕಿಲ್ಲ.

“ಈಗೇನ್ ಮಾಡಬೇಕಂತೀ?” ಅಕ್ಕ ಕೇಳಿದಳು. “ಕಾಲು ಹಿಡೀಲೇನು?”

“ಶಿವ ಶಿವ, ಹಿರಿಯರು ನೀವು. ಕಾಲು ಬ್ಯಾಡ್ರಿ. ಮಾದಲಿ ನೀವು ಬಡಸ್ರಿ. ತುಪ್ಪ ಹಿಡಕೊಂಡು ನಾ ನಿಮ್ಮ ಹಿಂದ ಬರ್ತೀನಿ. ಯಾರು ಮಾಡ್ಯಾರ ಅಂತ ಕೇಳಿದವರಿಗೆಲ್ಲಾ, ನನ್ನ ನೆಗೆಣ್ಣಿ ಮಾಡ್ಯಾಳ ಅಂತ ಹೇಳ್ರಿ. ಅಷ್ಟ. ಅದರ ಹಿಂದ ಮುಂದ ಏನೂ ಸೇರಸಬ್ಯಾಡ್ರಿ.”

“ಇಲ್ಲಾಂದ್ರ?”

“ಡಬ್ಬಿ ಮುಚ್ಚಿಕೊಂಡು ಸಂಜಿ ಬಸ್ಸಿಗೆ ಹೋಗ್ತೀನಿ.”

ಹೋಗುತ್ತಿರಲಿಲ್ಲ. ಶಿವನ ಎಡೆಯ ಪಾಲನ್ನು ಮನೆಯಲ್ಲೇ ತೆಗೆದಿಟ್ಟಾಗಿತ್ತು, ಆಮೇಲೆ ಉಳಿದದ್ದನ್ನು ವಾಪಸು ಒಯ್ಯುವಂತಿಲ್ಲ. ಆದರೆ ಅಕ್ಕನಿಗೆ ಅದು ಗೊತ್ತಿರಲಿಲ್ಲ.

ಮಂಗಳಾರತಿ ಆಯಿತು, ಮೊದಲ ಪಂಕ್ತಿ ಕುಳಿತಿತು. ವ್ಯಾಪಾರದವರು, ಗಿರಣಿಯವರು, ಮಠದ ಹಿರಿಯರು. ಅಕ್ಕ ಬುಟ್ಟಿ ಹಿಡಿದು ಎಲೆಗೊಂದು ಹಿಡಿ ಮಾದಲಿ ಹಾಕುತ್ತ ನಡೆದಳು, ನಾನು ಹಿಂದಿನಿಂದ ತುಪ್ಪ ಬಿಡುತ್ತ ನಡೆದೆ. ಹೋದ ವರ್ಷ ಶಾಲು ಹೊದಿಸಿದ ಹಿರಿಯರೇ ಮೊದಲು ಕೇಳಿದರು. “ಈ ಸಲ ಅಗದೀ ಉದುರುದುರು ಆಗ್ಯಾದಲ್ರಿ ಟೀಚರಮ್ಮ. ನಿಮ್ಮ ಕೈನ?”

ಅಕ್ಕ ಮೆಲ್ಲಗೆ ಏನೋ ಅಂದಳು.

“ಏನಂದ್ರಿ?”

ನಾನು ಕೆಮ್ಮಿದೆ.

“ನನ್ನ ನೆಗೆಣ್ಣಿ ಮಾಡ್ಯಾಳ್ರಿ.”

“ಹೌದೇನು! ನೀವೂ ಕೂಡಿ ಮಾಡಿರಬೇಕಲ್ಲ.”

ಅಕ್ಕ ಹಿಂದೆ ತಿರುಗಿ ನನ್ನನ್ನು ನೋಡಿದಳು. ನಾನು ಅವರ ಎಲೆಗೆ ಇನ್ನೊಂದು ಚಮಚ ತುಪ್ಪ ಬಿಟ್ಟೆ.

“ಇಲ್ರಿ. ಆಕೀನs ಮಾಡ್ಯಾಳ.”

ಎರಡನೇ ಪಂಕ್ತಿ ಹೆಂಗಸರದು. ಅಲ್ಲಿ ಅಕ್ಕನಿಗೆ ಗುರುತಿನವರು ಬಹಳ, ವಿಡಿಯೋ ನೋಡಿದವರೂ ಇದ್ದರು. ಒಬ್ಬಾಕೆ, “ಟೀಚರ್, ನಿಮ್ಮ ವಿಡಿಯೋ ನೋಡಿ ನಾನೂ ಮಾಡಿದ್ದೆ, ಕಲ್ಲಾಗಿ ಕುಂತಿತು ನೋಡ್ರಿ,” ಎಂದು ನಕ್ಕಳು. ಪಕ್ಕದವಳು, “ಇದು ಹಂಗಾಗಿಲ್ಲಲ್ಲ, ಯಾರ ಮಾಡಿದ್ದು?” ಎಂದಳು. ಅಕ್ಕ ಹೇಳಿದಳು. ಮತ್ತೆ ಹೇಳಿದಳು. ಹೇಳಿ ಹೇಳಿ ಅವಳ ದನಿ ಪಾಠ ಒಪ್ಪಿಸುವ ಮಕ್ಕಳ ದನಿಯಂತಾಯಿತು. ನನ್ನ ಮನಸ್ಸು ಎಷ್ಟು ತಣ್ಣಗಾಯಿತೆಂದರೆ, ಉಪವಾಸದ ಹಸಿವೇ ತಿಳಿಯಲಿಲ್ಲ. ಒಂದೊಂದು ಎಲೆಗೂ ಒಂದೊಂದು ವರ್ಷದ್ದು ತೀರಿಸಿಕೊಂಡೆ. ಸೀಮಂತದ ಉಡಿಯದು, ಫೋಟೋದ ತುದಿಯದು, ಅತ್ತೆಯ ಹಾಸಿಗೆಯದು.

ಮೂರನೇ ಪಂಕ್ತಿಯ ಕೊನೆಗೆ ಒಂದು ಡಬ್ಬಿ ತೀರಿತು. ನಾಲ್ಕನೆಯದಕ್ಕೆ ಹಿಡಿ ಸಣ್ಣದು ಮಾಡಿದೆವು. ಐದನೆಯದಕ್ಕೆ ಚಮಚದಲ್ಲಿ ಹಾಕಿದೆವು. ಆರನೆಯ ಪಂಕ್ತಿ ಕೂರುವ ಹೊತ್ತಿಗೆ ಎರಡನೇ ಡಬ್ಬಿಯ ತಳದಲ್ಲಿ ನನ್ನ ಬೆರಳಿಗೆ ಬರೀ ಸ್ಟೀಲು ತಾಗಿತು.

ಕೊನೆಯ ಪಂಕ್ತಿ ಯಾವಾಗಲೂ ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರದು. ಅರ್ಧ ದಿನದ ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು ಬರುತ್ತಾರೆ. ಪ್ರತಿ ವರ್ಷ ಅವರ ಎಲೆಗೆ ನಾನು ಹಿಡಿ ತುಂಬಿ ಹಾಕುತ್ತಿದ್ದೆ. ಕೆಲವರು ಸೆರಗಿನಲ್ಲಿ ಒಂದಿಷ್ಟು ಕಟ್ಟಿಕೊಂಡು ಮನೆಯ ಮುದುಕರಿಗೆ ಒಯ್ಯುತ್ತಿದ್ದರು. ಡಬ್ಬಿ ತುಂಬುವಾಗ ನಾನು ಎಡೆಯ ಲೆಕ್ಕ ಹಾಕಿದ್ದೆ, ಹಿರಿಯರ ಪಂಕ್ತಿಯ ಲೆಕ್ಕ ಹಾಕಿದ್ದೆ, ಅಕ್ಕನ ಗುರುತಿನ ಹೆಂಗಸರ ಲೆಕ್ಕ ಹಾಕಿದ್ದೆ. ಇವರ ಲೆಕ್ಕ ಹಾಕಿರಲಿಲ್ಲ. ಅಲ್ಲಿ ಸಾಲುಗಟ್ಟಿ ನಿಂತಿದ್ದ ಅಷ್ಟು ಚೀಲ ಮಾದಲಿ ಇವರಿಗೂ ಸಾಕಾಗುತ್ತಿತ್ತು, ಭಾನುವಾರ ನಾನು ಒಂದು ಮಾತು ಹೇಳಿದ್ದರೆ.

ಅವರ ಎಲೆಗೆ ಅನ್ನ ಸಾರು ಬಿತ್ತು. ಪಂಕ್ತಿಯ ನಡುವೆ ಕುಳಿತಿದ್ದ ವಯಸ್ಸಾದ ಒಬ್ಬ ಹೆಣ್ಣುಮಗಳು ಕತ್ತೆತ್ತಿ ನೋಡಿದಳು. ಕೈಯಲ್ಲಿ ಕಳೆ ಕಿತ್ತ ಹಸಿರು ಇನ್ನೂ ಹೋಗಿರಲಿಲ್ಲ.

“ಮಾದಲಿ ತೀರಿತೇನ್ರಿ ಯವ್ವಾ?”

“ತೀರಿತು,” ಅಕ್ಕ ಹೇಳಿದಳು.

“ಇರಲಿ ತೊಗೋರಿ, ಅನ್ನ ಅದಲ್ಲ. ಹೊರಗ ಬರೋ ಮಂದಿಯೆಲ್ಲಾ ಭಾಳ ಚೊಲೊ ಆಗ್ಯಾದ ಅನ್ನಾಕತ್ತಿದ್ರು. ಯಾರು ಮಾಡಿದ್ರು ಈ ಸಲ?”

ಅಕ್ಕ ನನ್ನ ಕಡೆ ನೋಡಲಿಲ್ಲ. ನಾನು ಹೇಳಿಕೊಟ್ಟದ್ದನ್ನೇ ಹೇಳಿದಳು.

“ನನ್ನ ನೆಗೆಣ್ಣಿ ಮಾಡ್ಯಾಳ.”

“ಎಲ್ಲಾರಿಗೂ ಆಗೂವಂಗ ಮಾಡಬೇಕಿಲ್ಲೇನವ್ವ ಆಕಿ? ನಾವೂ ಮಂದಿ ಅಲ್ಲೇನು?” ಎಂದು ಅವಳು ನಕ್ಕಳು. ಪಕ್ಕದವರೂ ನಕ್ಕರು. ಯಾರ ಮಾತಿನಲ್ಲೂ ಸಿಟ್ಟಿರಲಿಲ್ಲ. ಸಾರು ಇನ್ನಷ್ಟು ಹಾಕಿ ಎಂದರು.

ನಾನು ತುಪ್ಪದ ತಪೇಲಿ ಹಿಡಿದು ನಿಂತಿದ್ದೆ. ತುಪ್ಪ ಇನ್ನೂ ಉಳಿದಿತ್ತು. ಅನ್ನದ ಮೇಲೇ ಬಿಟ್ಟೆ, ಒಬ್ಬೊಬ್ಬರಿಗೂ ಎರಡೆರಡು ಚಮಚ, ತಪೇಲಿ ಬರಿದಾಗುವವರೆಗೆ. ಆ ಹೆಣ್ಣುಮಗಳ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೇಳಿದೆ: “ನಿಮ್ಮ ಓಣಿ ಎಲ್ಲಿ ಬರ್ತದ ಯವ್ವಾ?”

“ಯಾಕ್ರಿ?”

“ಬರೋ ಸೋಮವಾರ ಮಾದಲಿ ತರ್ತೀನಿ. ಎಷ್ಟು ಮನಿ ಅದಾವ ಹೇಳ್ರಿ.”

ಅವಳು ಬೆರಳು ಮಡಿಸಿ ಎಣಿಸಿದಳು. “ಹಗಲು ಬರಬ್ಯಾಡ್ರಿ, ಹೊಲದಾಗ ಇರ್ತೀವಿ. ಸಂಜಿ ಮುಂದ ಬರ್ರಿ.”

ಹುಳಿತ ಚೀಲಗಳಲ್ಲಿ ಸ್ವಲ್ಪವನ್ನು ಮಠದ ದನಗಳಿಗೆ ಹಾಕಿದರು. ಹೆಚ್ಚು ತಿಂದರೆ ಹೊಟ್ಟೆ ಉಬ್ಬುತ್ತದೆಂದು ಉಳಿದದ್ದನ್ನು ಗುಂಡಿ ತೋಡಿ ಮುಚ್ಚಿದರು. ಅಷ್ಟು ಗೋಧಿ, ಅಷ್ಟು ಬೆಲ್ಲ ಮಣ್ಣಿಗೆ ಬೀಳುವುದನ್ನು ನಿಂತು ನೋಡಿದೆ. ನೋಡದೆ ಹೋಗುವುದು ಸರಿಯೆನಿಸಲಿಲ್ಲ. ಅಕ್ಕನೂ ದೂರದಲ್ಲಿ ನಿಂತಿದ್ದಳು. ನಾವು ಬೇರೆ ಬೇರೆ ಬಸ್ಸಿಗೆ ಬಂದೆವು.

ಆ ಸಂಜೆ ದೀಪ ಹಚ್ಚಿದಾಗ ಶಿವನಿಗೆ ಎರಡು ವಿಷಯ ಬೇರೆ ಬೇರೆ ಮಾಡಿ ಹೇಳಿದೆ. ಅಕ್ಕನಿಗೆ ಮಾಡಿದ್ದಕ್ಕೆ ನನ್ನಲ್ಲಿ ಪಶ್ಚಾತ್ತಾಪವಿಲ್ಲ, ಹುಟ್ಟಿಸಬೇಕೆಂದರೆ ನೀನೇ ಹುಟ್ಟಿಸು. ಕೊನೆಯ ಪಂಕ್ತಿಗೆ ಮಾಡಿದ್ದು ನನ್ನ ಪಾಪ, ಅದನ್ನು ನನ್ನ ಕೈಯಿಂದಲೇ ತೀರಿಸು. ಇಂದಿಗೂ ನನ್ನ ಮಾತು ಅಷ್ಟೇ. ಹದಿನೆಂಟು ವರ್ಷ ಒಬ್ಬಳನ್ನು ಬಾಗಿಲ ಮೂಲೆಯಲ್ಲಿ ನಿಲ್ಲಿಸಿದವಳು ಒಂದು ಮಧ್ಯಾಹ್ನ ತಲೆ ತಗ್ಗಿಸಿದರೆ ನ್ಯಾಯ ಮುಗಿಯಿತು ಎಂದು ನನಗೆ ಅನ್ನಿಸುವುದಿಲ್ಲ, ಸ್ವಲ್ಪ ಉಳಿದಿದೆ ಎಂದೇ ಅನ್ನಿಸುತ್ತದೆ. ಆದರೆ ಆ ಹೆಣ್ಣುಮಗಳ ನಗು ನೆನಪಾದಾಗ ಮಾತ್ರ ಕೈಯ ತುತ್ತನ್ನು ತಟ್ಟೆಗೆ ಇಳಿಸಿಬಿಡುತ್ತೇನೆ. ಉಪವಾಸ ಬಿಡಲು ಕುಳಿತ ಆ ಸಂಜೆಯೂ ಇಳಿಸಿದೆ.

ಮರುದಿನ ಮನೆಯವರು ಮಾನ್ವಿಗೆ ಹೊರಡುವಾಗ, ಬರುವಾಗ ಒಳ್ಳೆಯ ಬೆಲ್ಲ, ಕಡಲೆಬೇಳೆ ತನ್ನಿ ಎಂದೆ. ಈ ಸಲ ಯಾರಿಗೆ ಎಂದು ನಿಜವನ್ನೇ ಹೇಳಿದೆ. ಅವರು ಹೋಗಿ ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ಶಾಲೆಯಿಂದ ಮಾಡಿದ್ದಳು, ಹಿಂದೆ ಮಕ್ಕಳ ಗದ್ದಲವಿತ್ತು.

“ಸೋಮವಾರ ಆ ಓಣಿಗೆ ಹೊಂಟೀಯಂತ. ನಾದಿನಿ ಹೇಳಿದ್ಳು.”

“ಹೌದ್ರಿ.”

ಗದ್ದಲ ದೂರವಾಯಿತು, ಅವಳು ಹೊರಗೆ ಬಂದಿರಬೇಕು. ಆಮೇಲೆ, “ನಾನೂ ಬರ್ಲೇನು?” ಎಂದಳು. ಇಂಗ್ಲಿಷು ಇರಲಿಲ್ಲ.

ಬಾ ಎನ್ನಲು ನಾಲಿಗೆ ಒಮ್ಮೆ ಎದ್ದಿತು, ಅದೂ ನಿಜ.

“ಬ್ಯಾಡ್ರಿ ಅಕ್ಕಾ,” ಎಂದೆ. “ನಾ ಒಬ್ಬಾಕೀನs ಹೋಗ್ತೀನಿ.”

ಫೋನಿಟ್ಟು, ಮೊರ ತೆಗೆದುಕೊಂಡು, ಗೋಧಿ ಹಸನು ಮಾಡಲು ಕುಳಿತೆ.